ಎರಡನೇ ಪಂಕ್ತಿಯ ಆಟ

ಕುಂದಲಹಳ್ಳಿಯ ಹಳೇ ಊರಿನ ಒಳರಸ್ತೆಯಲ್ಲಿ, ಮಾರಮ್ಮನ ಗುಡಿ ದಾಟಿದ ಮೇಲೆ ಸಿಗುವ ಬಾಡಿಗೆ ಮನೆಗಳ ಕಟ್ಟಡದ ಕೆಳಗೆ ಒಂದು ಅಂಗಡಿಯಿದೆ. ಬೋರ್ಡಿನ ಮೇಲೆ ‘ಸೌಮ್ಯ ಕಂಪ್ಯೂಟರ್ಸ್’ ಎಂದು ದಪ್ಪ ಅಕ್ಷರದಲ್ಲಿದೆ. ಅದರ ಪಕ್ಕದಲ್ಲಿ, ಬೇರೆ ಬಣ್ಣದಲ್ಲಿ, ಜಾಗ ಸಾಲದೆ ಸ್ವಲ್ಪ ಓರೆಯಾಗಿ ‘ಮತ್ತು ರಾಜೇಂದ್ರ ಗೇಮ್ಸ್’ ಎಂದು ಬರೆದಿದೆ. ಆ ಓರೆಯನ್ನು ನೋಡಿದರೆ ಸಾಕು, ಅಂಗಡಿಗೆ ಯಾರು ಮೊದಲು ಬಂದರು, ಯಾರು ಆಮೇಲೆ ಸೇರಿಕೊಂಡರು ಎಂಬುದು ಯಾರಿಗಾದರೂ ತಿಳಿಯುತ್ತದೆ.

ಸೌಮ್ಯ ಈ ಊರಿನ ನಲ್ಲಪ್ಪನವರ ಮಗಳು. ಈಗ ಕಟ್ಟಡ ನಿಂತಿರುವ ಜಾಗದಲ್ಲಿ ನಲ್ಲಪ್ಪನವರು ರಾಗಿ, ಹುರುಳಿಕಾಯಿ ಬೆಳೆಯುತ್ತಿದ್ದರು. ಕಟ್ಟಡ ಎದ್ದಾಗ ಮಹಡಿಗಳು ಗಂಡುಮಕ್ಕಳಿಗೆ ಹೋದವು, ಕೆಳಗಿನ ಅಂಗಡಿ ಮಗಳಿಗೆ ಬಂತು. ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದ ಸೌಮ್ಯ ಅಲ್ಲಿ ಸೈಬರ್ ಕೆಫೆ ತೆರೆದಳು. ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ಜನರ ಸಾಲು ಗುಡಿಯವರೆಗೂ ಹೋಗುತ್ತಿದ್ದ ಕಾಲ ಅದು. ಆಮೇಲೆ ಎಲ್ಲರ ಕೈಗೂ ಫೋನು ಬಂತು, ಸಾಲು ಕರಗಿತು. ದರ್ಶಿನಿಯವರಿಗೆ ಬಾಡಿಗೆಗೆ ಕೊಡೋಣ ಎಂದು ನಲ್ಲಪ್ಪನವರು ಹೇಳಿದರು. ಸೌಮ್ಯ ಒಂದು ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಆಟಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡು ಕೂರಿಸಿ, ಯಾರು ಬರುತ್ತಾರೋ ನೋಡೋಣ ಎಂದು ಕಾದಳು. ಸುತ್ತಲ ಆಫೀಸುಗಳವರು ಬಂದರು. ವರ್ಷ ಕಳೆಯುವಷ್ಟರಲ್ಲಿ ಎಲ್ಲ ಕಂಪ್ಯೂಟರುಗಳ ಹೊಟ್ಟೆಯಲ್ಲೂ ಅಂಥದೇ ಕಾರ್ಡು ಕೂತಿತ್ತು.

ಬಿಚ್ಚುವುದು ಅವಳ ಹುಟ್ಟುಗುಣ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಮದುವೆಯಲ್ಲಿ ಬಂದ ಗೋಡೆ ಗಡಿಯಾರ, ಯಾವುದನ್ನೂ ಅವಳು ಸುಮ್ಮನೆ ಬಿಟ್ಟವಳಲ್ಲ. ಗಡಿಯಾರ ಮಾತ್ರ ಅಂದಿನಿಂದ ನಡೆದಿಲ್ಲ. ಆ ವಿಷಯ ಎತ್ತಿದರೆ ಅವಳಿಗೆ ಆಗುವುದಿಲ್ಲ.

ಗಂಡ ರಾಜೇಂದ್ರ ಇದಕ್ಕೆ ತದ್ವಿರುದ್ಧ. ಮಾದನಾಯಕನಹಳ್ಳಿಯವನು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್ ಆಗಿದ್ದ. ಇಡೀ ದಿನ ನಟ್ಟು ಬೋಲ್ಟಿನ ಜೊತೆ ಇದ್ದವನಿಗೆ ಮನೆಯಲ್ಲಿ ಸ್ಕ್ರೂಡ್ರೈವರ್ ಕಂಡರೆ ತಲೆನೋವು ಬರುತ್ತಿತ್ತು. ಮದುವೆಯಾಗಿ ಕುಂದಲಹಳ್ಳಿಗೆ ಬಂದ ಮೇಲೆ, ದಿನಾ ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಬಸ್ಸಿನಲ್ಲಿ ಹೋಗಿಬರುವುದೇ ಎರಡನೇ ಕೆಲಸವಾಯಿತು. ಕೊನೆಗೆ ಮೊದಲನೇ ಕೆಲಸ ಬಿಟ್ಟು ಹೆಂಡತಿಯ ಅಂಗಡಿ ಸೇರಿದ. ಬರುವಾಗ ಕೈಬೀಸಿಕೊಂಡು ಬರಲಿಲ್ಲ, ಕನ್ಸೋಲ್ ತಂದ. ಟಿವಿಗೆ ಜೋಡಿಸಿ, ಎರಡೂ ಕೈಯಲ್ಲಿ ಕಂಟ್ರೋಲರ್ ಹಿಡಿದು ಆಡುವ ಪೆಟ್ಟಿಗೆ ಅದು. ಅದರ ಜೊತೆಗೊಂದು ಸೋಫಾ ಕೂಡ ಬಂತು.

ಹೀಗಾಗಿ ಅಂಗಡಿ ಎರಡು ಪಾಲಾಯಿತು. ಎಡಗಡೆ ಸೌಮ್ಯಳ ಕಂಪ್ಯೂಟರುಗಳು, ಅಲ್ಲಿ ಜನ ಪರೀಕ್ಷೆಗೆ ಕೂತವರ ಹಾಗೆ ನೆಟ್ಟಗೆ ಕೂರುತ್ತಿದ್ದರು. ಬಲಗಡೆ ರಾಜೇಂದ್ರನ ಸೋಫಾ, ಅಲ್ಲಿ ಮಾವನ ಮನೆಗೆ ಬಂದ ಅಳಿಯಂದಿರ ಹಾಗೆ ಒರಗುತ್ತಿದ್ದರು. ಗಂಡಹೆಂಡಿರ ವಾದ ದಿನಾ ನಡೆಯುತ್ತಿತ್ತು. ಕಂಪ್ಯೂಟರನ್ನು ಬೇಕಾದ ಹಾಗೆ ಬದಲಾಯಿಸಬಹುದು, ಹಳೇ ಆಟಗಳೂ ನಡೆಯುತ್ತವೆ, ಮೌಸಿನಲ್ಲಿ ಇಟ್ಟ ಗುರಿ ತಪ್ಪುವುದಿಲ್ಲ ಎಂದು ಅವಳು ಹೇಳುತ್ತಿದ್ದಳು. ಗುಂಡಿ ಒತ್ತಿದರೆ ಆಟ ಶುರುವಾಗಬೇಕು, ನಿನ್ನ ಕಡೆ ಆಡಲು ಬಂದವನು ಅಪ್‌ಡೇಟ್ ನೋಡಿಕೊಂಡು ಮನೆಗೆ ಹೋಗುತ್ತಾನೆ ಎಂದು ಅವನು ಹೇಳುತ್ತಿದ್ದ. ಗಿರಾಕಿಗಳಿಗೆ ಇದೊಂದು ಪುಕ್ಕಟೆ ಮನರಂಜನೆ.

ಇಷ್ಟರಲ್ಲಿ ಆ ದೊಡ್ಡ ಆಟದ ಸುದ್ದಿ ಬಂತು. ಮುಳುಗಿಹೋದ ತನ್ನ ಊರನ್ನು ಹುಡುಕುತ್ತ ಹಡಗು ನಡೆಸುವ ಹೆಂಗಸೊಬ್ಬಳ ಕಥೆ. ಹೆಸರು ಇಂಗ್ಲಿಷಿನಲ್ಲಿ ಉದ್ದಕ್ಕೆ ಇತ್ತು, ಅಂಗಡಿಯಲ್ಲಿ ಎಲ್ಲರೂ ‘ಹಡಗು’ ಅಂದರು. ನಮ್ಮ ಕಡೆ ಒಂದು ಮೇಲ್ಸೇತುವೆ ಕಟ್ಟಿ ಮುಗಿಸುವಷ್ಟು ವರ್ಷ ಅದರ ಕಂಪನಿಯವರು ಕೂತು ಮಾಡಿದ್ದರು. ಟ್ರೈಲರ್ ಬಂದ ದಿನ ಎಡಗಡೆಯ ದೊಡ್ಡ ಪರದೆಯಲ್ಲಿ ಎಲ್ಲರೂ ಸೇರಿ ನೋಡಿದರು. ಕೊನೆಯಲ್ಲಿ ಕನ್ಸೋಲಿಗೆ ಯಾವ ತಾರೀಕು ಬರುತ್ತದೆಂದು ಬಂತು. ಕಂಪ್ಯೂಟರಿನ ಮುಂದೆ ‘ನಂತರ’ ಎಂದಷ್ಟೇ ಇತ್ತು.

ಸೌಮ್ಯ ವಿಡಿಯೋವನ್ನು ಅಲ್ಲೇ ನಿಲ್ಲಿಸಿದಳು.

“ಎರಡನೇ ಪಂಕ್ತಿಗೆ ಕೂರಿಸಿದ್ದಾರೆ ನಮ್ಮನ್ನ” ಎಂದಳು.

ಕಂಪನಿಯವರ ಕಷ್ಟವೂ ಇದೆ ಎಂದು ರಾಜೇಂದ್ರ ನ್ಯಾಯ ಹೇಳಲು ಹೊರಟ. ಕನ್ಸೋಲುಗಳೆಲ್ಲ ಒಂದೇ ಥರ, ಒಂದರಲ್ಲಿ ಸರಿಹೋದರೆ ಎಲ್ಲದರಲ್ಲೂ ಸರಿಹೋಯಿತು. ಕಂಪ್ಯೂಟರುಗಳಲ್ಲಿ ಒಂದೊಂದರ ಕರುಳೂ ಒಂದೊಂದು ಥರ, ಎಷ್ಟು ಥರಕ್ಕೆ ಅಡುಗೆ ಮಾಡುತ್ತಾರೆ ಪಾಪ, ಎಂದ. ಆ ‘ಪಾಪ’ ಎಂಬ ಮಾತು ಸೌಮ್ಯಳಿಗೆ ಹಿಡಿಸಲಿಲ್ಲ. ಮನೆಯ ಫ್ಯಾನಿಗಿಂತ ಅಂಗಡಿಯ ಫ್ಯಾನು ಜೋರು ಎಂದು ದಿನಾ ಅಲ್ಲೇ ಪೇಪರ್ ಓದುತ್ತಿದ್ದ ನಲ್ಲಪ್ಪನವರು ತಲೆ ಎತ್ತಿದರು.

“ಎರಡ್ನೇ ಪಂಕ್ತೀಲಿ ಉಪ್ಪು ಸರಿಯಾಗಿರ್ತದೆ ಕಣವ್ವ. ಮೊದ್ಲು ಉಂಡೋರು ಹೇಳಿರ್ತಾರಲ್ಲ.”

“ಒಬ್ಬಟ್ಟು ಖಾಲಿಯಾಗಿರತ್ತಪ್ಪ” ಎಂದಳು ಸೌಮ್ಯ.

ಆಟ ಬಂದ ದಿನ ಬಲಗಡೆ ಕಾಲಿಡಲು ಜಾಗವಿರಲಿಲ್ಲ, ಎಡಗಡೆ ಕುರ್ಚಿಗಳು ಖಾಲಿ ಹೊಡೆದವು. ಸೌಮ್ಯಳ ಖಾಯಂ ಗಿರಾಕಿಗಳು ಮೊದಮೊದಲು ಸೋಫಾದ ಹಿಂದೆ ಸುಮ್ಮನೆ ನಿಂತು ನೋಡಿದರು, ಆಮೇಲೆ ಸೋಫಾದ ತೋಳಿನ ಮೇಲೆ ಕೂತರು, ಕೊನೆಗೆ ಅವಳ ಕಣ್ಣು ತಪ್ಪಿಸಿ ಸೋಫಾಕ್ಕೇ ಇಳಿದರು. ಭುವನೇಶ್ವರಿ ಎಂಬವಳೊಬ್ಬಳು ಉಳಿದಿದ್ದಳು. ಹತ್ತಿರದ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್, ಸಂಜೆಯ ಟ್ರಾಫಿಕ್ ಕರಗುವವರೆಗೆ ಇಲ್ಲಿ ಆಡಿ ಮನೆಗೆ ಹೋಗುವವಳು. ನಾನು ಕಾಯುತ್ತೇನೆ ಅಕ್ಕ ಎಂದು ಆಣೆ ಮಾಡಿದ್ದಳು. ಎರಡನೇ ವಾರ ನೋಡಿದರೆ ಚಪ್ಪಲಿ ಬಿಟ್ಟು, ಸೋಫಾದಲ್ಲಿ ಚಕ್ಕಳಮಕ್ಕಳ ಹಾಕಿ ಹಡಗು ನಡೆಸುತ್ತಿದ್ದಳು. ಕುರ್ಚಿಯಲ್ಲಿ ಕೂತರೆ ಕತ್ತು ನೋವು ಎಂದು ಕಾರಣ ಕೊಟ್ಟಳು. ಸೌಮ್ಯ ಅವಳಿಗೂ ಟೀ ತಂದುಕೊಟ್ಟಳು. ಲೋಟ ಇಟ್ಟ ಸದ್ದು ಮಾತ್ರ ಸ್ವಲ್ಪ ಜೋರಾಗಿತ್ತು.

ಗೆರೆ ದಾಟದೆ ನಿಂತವನು ಒಬ್ಬನೇ, ರೇವಣಸಿದ್ದ. ಕಲಬುರಗಿ ಕಡೆಯವನು, ಟೆಕ್ ಪಾರ್ಕಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಬೆಳಗಿನ ಪಾಳಿ ಮುಗಿಸಿ ಬಂದು ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ಹಳೇ ಕಾರ್ ರೇಸ್ ಆಡುತ್ತಿದ್ದ. ಬಲಗಡೆಯಿಂದ ಕೂಗು ಎದ್ದಾಗಲೂ ತಿರುಗಿ ನೋಡುತ್ತಿರಲಿಲ್ಲ, ಕಥೆ ಕಿವಿಗೆ ಬೀಳಬಾರದೆಂದು ಹೆಡ್‌ಫೋನನ್ನು ಒತ್ತಿ ಹಿಡಿಯುತ್ತಿದ್ದ. ಅವನನ್ನು ತೋರಿಸಿ ಸೌಮ್ಯ ಉಳಿದವರಿಗೆ, ನಿಯತ್ತು ಅಂದರೆ ಇದು ಎನ್ನುತ್ತಿದ್ದಳು.

ಆದರೆ ಒಂದು ಬೆಳಿಗ್ಗೆ, ಅಂಗಡಿ ಬಾಗಿಲಿಗೆ ರಂಗೋಲಿ ಹಾಕಿ ಒಳಗೆ ಕಸ ಗುಡಿಸುವಾಗ, ಸೋಫಾದ ಮೇಲೆ ಬಿದ್ದಿದ್ದ ಕಂಟ್ರೋಲರ್ ಅವಳ ಕಣ್ಣಿಗೆ ಬಿತ್ತು. ತಪ್ಪು ಹುಡುಕಲೆಂದೇ ಎತ್ತಿಕೊಂಡಳು. ತಪ್ಪುಗಳು ಸಿಕ್ಕವು. ನೋಟ ನಿಧಾನಕ್ಕೆ ತಿರುಗುತ್ತಿತ್ತು, ಗುರಿ ನಿಲ್ಲುತ್ತಿರಲಿಲ್ಲ, ಹೆಬ್ಬೆರಳು ನೋಯುತ್ತಿತ್ತು. ಮಾರನೇ ಬೆಳಿಗ್ಗೆ ಇನ್ನಷ್ಟು ತಪ್ಪು ಹುಡುಕಲು ಕೂತಳು. ತಿಂಗಳಾಗುವಷ್ಟರಲ್ಲಿ ತಪ್ಪುಗಳು ಮುಗಿದಿದ್ದವು, ಕೂರುವುದು ಮುಗಿದಿರಲಿಲ್ಲ. ಬಾಗಿಲಿನ ಚುಕ್ಕಿ ರಂಗೋಲಿ ದಿನದಿಂದ ದಿನಕ್ಕೆ ಕಿರಿದಾಗುತ್ತ ಬಂದು, ನಾಲ್ಕು ಗೆರೆಗೆ ಇಳಿಯಿತು. ಮೈಯಲ್ಲಿ ಹುಷಾರಿಲ್ವಾ ಎಂದು ಎದುರುಮನೆಯ ಮುನಿಯಕ್ಕ ಕೇಳಿದರು. ಸ್ವಲ್ಪ ಸೊಂಟ ನೋವು ಎಂದಳು ಸೌಮ್ಯ.

‘ಗೆಸ್ಟ್’ ಎಂಬ ಹೆಸರಿನಲ್ಲಿ ಯಾರೋ ಎಲ್ಲರಿಗಿಂತ ಮುಂದೆ ಹೋಗಿರುವುದನ್ನು ರಾಜೇಂದ್ರ ಗಮನಿಸಿದ. ನಮ್ಮಲ್ಲಿ ಒಬ್ಬ ಭಾರಿ ಆಟಗಾರನಿದ್ದಾನೆ, ಹೆಸರು ಹೇಳಿಕೊಳ್ಳುವುದಿಲ್ಲ, ಎಂದು ಗಿರಾಕಿಗಳ ಮುಂದೆ ಹೆಮ್ಮೆಪಟ್ಟ. ಸೌಮ್ಯ ತಲೆ ತಗ್ಗಿಸಿ ಕೀಬೋರ್ಡ್ ಒರೆಸಿದಳು. ಒಂದು ದಿನ ಕಂಟ್ರೋಲರಿನ ಸಂದುಗಳಲ್ಲಿ ಬಿಳಿ ಪುಡಿ ಕಂಡಿತು. ಬೆರಳಿನಲ್ಲಿ ತೆಗೆದು ನೋಡಿದ. ರಂಗೋಲಿ ಪುಡಿ.

ಬೇರೆ ಯಾರಾದರೂ ಆಗಿದ್ದರೆ ಅಂದೇ ಊರೆಲ್ಲ ಡಂಗುರ ಹೊಡೆಯುತ್ತಿದ್ದರು. ರಾಜೇಂದ್ರ ಯಾರಿಗೂ ಹೇಳಲಿಲ್ಲ. ಅಂಗಡಿ ಮುಚ್ಚುವಾಗ ಕಂಟ್ರೋಲರನ್ನು ಸೋಫಾದ ಮೇಲೆ ಎಸೆದು ಹೋಗುತ್ತಿದ್ದವನು ಅಂದಿನಿಂದ ಚಾರ್ಜಿಗೆ ಹಾಕಿ ಹೋಗತೊಡಗಿದ. ಚಾರ್ಜು ತುಂಬಿರುವುದನ್ನು ನೋಡಿ ಸೌಮ್ಯಳಿಗೂ ಅರ್ಥವಾಯಿತು. ಅವಳೂ ಬಾಯಿ ಬಿಡಲಿಲ್ಲ. ಗಿರಾಕಿಗಳ ಮುಂದೆ ಇಬ್ಬರ ಜಗಳ ಮೊದಲಿಗಿಂತ ಜೋರಾಯಿತು.

ಒಂದು ದಿನ ಊಟಕ್ಕೆ ಕೂತಾಗ ರಾಜೇಂದ್ರ ಗೋಡೆಯ ಕಡೆ ನೋಡುತ್ತ ಹೇಳಿದ: “ಆ ಜೋಡಿ ಬಂಡೆ ಹತ್ರ ಎಲ್ರೂ ಸಿಕ್ಕಾಕ್ಕೋತಾರಂತೆ. ಹಾಯಿ ಇಳಿಸ್ಬಿಟ್ರೆ ದಾಟತ್ತಂತೆ.”

“ಯಾರಿಗೆ ಹೇಳ್ತಿದ್ದೀರಾ?”

“ಯಾರಿಗೂ ಇಲ್ಲ. ಸಾರು ಹಾಕು.”

ಮಾರನೇ ಬೆಳಿಗ್ಗೆ ಸೌಮ್ಯಳ ಹಡಗು ಜೋಡಿ ಬಂಡೆ ದಾಟಿತು.

ವರ್ಷ ಕಳೆದ ಮೇಲೆ ‘ಹಡಗು’ ಕಂಪ್ಯೂಟರಿಗೂ ಬಂತು. ಸೌಮ್ಯ ಬಾಗಿಲಿಗೆ ಮಾವಿನೆಲೆ ಕಟ್ಟಿದಳು. ಆಟ ಶುರು ಮಾಡಿದರೆ ಹಡಗು ಬಂದರಿನಿಂದ ಹೊರಟಿದ್ದೇ, ಕುಂದಲಹಳ್ಳಿ ಗೇಟಿನ ಹತ್ತಿರ ಸಂಜೆ ಸಿಕ್ಕಿಕೊಂಡ ಬಸ್ಸಿನ ಹಾಗೆ ನಿಂತು, ಮುಗ್ಗರಿಸಿ, ಮತ್ತೆ ನಿಂತಿತು. ಎರಡು ಸಲ ಕಂಪ್ಯೂಟರೇ ಆರಿಹೋಯಿತು. ಎಲ್ಲರೂ ರಾಜೇಂದ್ರನ ಮುಖ ನೋಡಿದರು. ಅವನು ಬಾಯಿ ತೆರೆದ, ಹೆಂಡತಿಯನ್ನು ನೋಡಿದ, ಬಾಯಿ ಮುಚ್ಚಿಕೊಂಡು ಟೀ ತರಲು ಹೋದ.

ಸೌಮ್ಯ ಕಂಪ್ಯೂಟರುಗಳನ್ನು ಬಿಚ್ಚಿದಳು, ಧೂಳು ಹೊಡೆದಳು, ಸೆಟ್ಟಿಂಗುಗಳನ್ನು ಇಳಿಸಿದಳು, ಏರಿಸಿದಳು. ಈ ನಡುವೆ ಕಂಪನಿಯವರೂ ತಿದ್ದುಪಡಿ ಕಳಿಸಿದರು. ವಾರದೊಳಗೆ ಹಡಗು ಸರಾಗವಾಗಿ ತೇಲಿತು. ಕಂಪನಿಯವರ ಪಾಲು ಇದರಲ್ಲಿ ಎಷ್ಟಿತ್ತು ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ರಾಜೇಂದ್ರ ಹಿಂದೆ ಬಂದು ನಿಂತು ಬಹಳ ಹೊತ್ತು ನೋಡಿದ. ತನ್ನ ಟಿವಿಯಲ್ಲಿ ಕಾಣದಿದ್ದ ಸಣ್ಣ ಸಣ್ಣ ಅಲೆಗಳು ಇಲ್ಲಿ ಬಿಸಿಲಿಗೆ ಮಿನುಗುತ್ತಿದ್ದವು. ನೀರು ಚೆನ್ನಾಗಿದೆ ಎಂದ. ಎಡಗಡೆಗೆ ಅವನು ಕೊಟ್ಟ ಏಕೈಕ ಸರ್ಟಿಫಿಕೇಟ್ ಅದು.

ಕಿಟಕಿ ಪಕ್ಕದಲ್ಲಿ ರೇವಣಸಿದ್ದ ಮೊದಲ ಸಲ ಹಡಗು ಹತ್ತಿದ. ಮುಖ ಹಬ್ಬದ ಹಾಗಿತ್ತು. ಸೌಮ್ಯ ಅವನ ಹಿಂದೆ ನಿಂತು, ತಾನೇ ಅಡುಗೆ ಮಾಡಿದವಳ ಹಾಗೆ ನೋಡುತ್ತಿದ್ದಳು. ಹಡಗಿನಿಂದ ಇಳಿದ ಹೆಂಗಸು ಒಂದು ಕಲ್ಲಿನ ಕಟ್ಟೆಯ ಕಡೆ ನಡೆದಳು.

“ಎಡಕ್ಕೆ ಬೇಡ, ಆ ಕಟ್ಟೆ ಕುಸಿಯತ್ತೆ” ಎಂದಳು ಸೌಮ್ಯ.

ರೇವಣಸಿದ್ದ ಆಟ ನಿಲ್ಲಿಸಿದ. ಹೆಡ್‌ಫೋನ್ ತೆಗೆದು ನಿಧಾನವಾಗಿ ತಿರುಗಿದ.

“ಕಂಪ್ಯೂಟರಿಗಿ ಇದು ಬಂದು ವಾರ ಆತು, ಸರಿ ನಡದದ್ದು ಇವತ್ತ ನೋಡ್ರಿ. ನಿಮಗ ಹ್ಯಾಂಗ ಗೊತ್ತು ಮೇಡಂ?”

ಸೋಫಾದಲ್ಲಿದ್ದ ಭುವನೇಶ್ವರಿ ಕತ್ತು ಚಾಚಿದಳು. ನಾನೇ ಹೇಳಿದ್ದೆ ಅವಳಿಗೆ ಎಂದು ರಾಜೇಂದ್ರ ಬಲಗಡೆಯಿಂದ ಅವಸರದಲ್ಲಿ ಹೇಳಿದ. ಸೌಮ್ಯ ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಎದುರಿಗೆ ಕೂತಿದ್ದವನು ಅವಳ ಮಾತು ನಂಬಿ ವರ್ಷವಿಡೀ ಕಿವಿ ಮುಚ್ಚಿಕೊಂಡಿದ್ದವನು.

“ಇಲ್ಲ. ನಾನೇ ಆಡಿದೆ. ದಿನಾ ಬೆಳಿಗ್ಗೆ, ಆ ಸೋಫಾದಲ್ಲಿ ಕೂತು” ಎಂದಳು.

ಆ ಗೆಸ್ಟ್ ನೀವೇನಾ ಅಕ್ಕ ಎಂದು ಭುವನೇಶ್ವರಿ ನಕ್ಕ ರಭಸಕ್ಕೆ ಟೀ ಚೆಲ್ಲಿತು. ನಲ್ಲಪ್ಪನವರು ಪೇಪರಿನ ಹಿಂದೆ ಅಡಗಿದರು, ಪೇಪರು ಅಲುಗಾಡುತ್ತಿತ್ತು. ರೇವಣಸಿದ್ದ ಮಾತ್ರ ನಗಲಿಲ್ಲ.

“ಮೊದಲ ಹೇಳಿದ್ರ ನಾನೂ ಆ ಕಡಿ ಬರ್ತಿದ್ನಲ್ರೀ” ಎಂದ. ಸಿಟ್ಟಿರಲಿಲ್ಲ, ಬರೀ ಬೇಸರವಿತ್ತು. ಅದೇ ಸೌಮ್ಯಳಿಗೆ ಚುಚ್ಚಿತು.

ಮರುದಿನ ಅವನು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಕಿಟಕಿ ಪಕ್ಕದ ಕುರ್ಚಿಗೆ ಬೇರೆಯವರನ್ನು ಕೂರಿಸಲು ಸೌಮ್ಯ ಒಪ್ಪಲಿಲ್ಲ, ಕಂಪ್ಯೂಟರ್ ಕೆಟ್ಟಿದೆ ಎಂದಳು. ಗುಣಮಟ್ಟದ ವಿಷಯದಲ್ಲಿ ಅಷ್ಟು ಬಿಂಕವಿದ್ದವಳು ತನ್ನ ಕಂಪ್ಯೂಟರನ್ನು ತಾನೇ ಕೆಟ್ಟಿದೆ ಎಂದದ್ದು ಅದೇ ಮೊದಲು. ಟೆಕ್ ಪಾರ್ಕಿನ ಗೇಟಿಗೆ ಹೋಗಿ ಮಾತಾಡಿಸಿ ಬರುತ್ತೇನೆ ಎಂದು ಅವಳು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವನೇ ಬಂದ. ಪಾಳಿ ಬದಲಾಗಿತ್ತಂತೆ. ಅವಳು ತಂದಿಟ್ಟ ಕಾಫಿ ಕುಡಿದು, ಕುರ್ಚಿ ಎಳೆದುಕೊಂಡು, ಒಂದೇ ಷರತ್ತು ಹಾಕಿದ. ಇನ್ನು ಮುಂದೆ ಏನೂ ಹೇಳಬಾರದು. ಕಟ್ಟೆ ಕುಸಿದರೆ ಕುಸಿಯಲಿ, ತಾನೇ ಬಿದ್ದು ನೋಡುತ್ತೇನೆ ಎಂದ. ಅವನ ಹಿಂದೆ ಸುಮ್ಮನೆ ನಿಲ್ಲುವುದು ಸೌಮ್ಯಳಿಗೆ ಆ ವರ್ಷದ ಅತಿ ಕಷ್ಟದ ಕೆಲಸವಾಯಿತು. ಎರಡು ಸಲ ಬಾಯಿಗೆ ಸೆರಗು ಒತ್ತಿಕೊಂಡಳು.

ಗುಟ್ಟು ರಟ್ಟಾದ ಮೇಲೆ ಅವಳು ಬಲಗಡೆ ಹಗಲಲ್ಲೇ ಕೂರತೊಡಗಿದಳು. ಹಾಗೆಂದು ವಾದ ನಿಲ್ಲಲಿಲ್ಲ. ಆಟ ಒಳ್ಳೆಯದೇ, ಆದರೆ ಎರಡು ಕಡೆಗೂ ಒಂದೇ ದಿನ ಕೊಡಬೇಕಿತ್ತು ಎಂದು ಇವತ್ತಿಗೂ ಹೇಳುತ್ತಾಳೆ. ಹಾಗೆ ಕೊಟ್ಟಿದ್ದರೆ ಎರಡು ಕಡೆಯೂ ಹಸಿಬಿಸಿ ಇರುತ್ತಿತ್ತು ಎಂದು ರಾಜೇಂದ್ರ ಹೇಳುತ್ತಾನೆ. ಈ ನಡುವೆ ಕಂಪ್ಯೂಟರಿಗೆ ಅವಳೇ ಒಂದು ಕಂಟ್ರೋಲರ್ ಸಿಕ್ಕಿಸಿಕೊಂಡಿದ್ದಾಳೆ. ಮೌಸಿನ ಗುರಿ ಏನಾಯಿತು ಎಂದು ಭುವನೇಶ್ವರಿ ಕೇಳಿದರೆ, ಕೈಗೆ ರೂಢಿಯಾಗಿದೆ ಎನ್ನುತ್ತಾಳೆ.

ಗಿರಾಕಿಗಳಿಲ್ಲದ ಒಂದು ಸೋಮವಾರ ಮಧ್ಯಾಹ್ನ ಸೌಮ್ಯ, ಚೂರುಚೂರಾಗಿ ಆಡುತ್ತ ಬಂದಿದ್ದ ಆಟವನ್ನು ಸೋಫಾದಲ್ಲಿ ಕೂತು ಮುಗಿಸಿದಳು. ರಾಜೇಂದ್ರ ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದ. ಹಡಗಿನ ಹೆಂಗಸಿಗೆ ಕೊನೆಗೂ ತನ್ನ ಊರು ಸಿಕ್ಕಿತು. ನೀರಿನ ತಳದಲ್ಲಿ ಮನೆಗಳ ಮಾಡುಗಳು ಕಂಡವು, ಒಂದು ಬೀದಿ ಕಂಡಿತು. ಆಮೇಲೆ ಆಟ ಮಾಡಿದವರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಏರತೊಡಗಿದವು. ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಗುಂಡಿ ಒತ್ತಿದರೆ ದಾಟಿಸಬಹುದು ಎಂದು ರಾಜೇಂದ್ರ ಹೇಳಿದ.

“ಇಷ್ಟು ಜನ ದುಡಿದಿದ್ದಾರೆ. ಎದ್ದು ಹೋದ್ರೆ ಚೆನ್ನಾಗಿರಲ್ಲ ಕಣ್ರೀ.”

ಅವನು ಕಡಲೆಕಾಯಿ ತಟ್ಟೆಯನ್ನು ಅವಳ ಕಡೆ ಸರಿಸಿದ. ಆಧಾರ್ ಕಾರ್ಡಿನ ಜೆರಾಕ್ಸ್ ಬೇಕೆಂದು ಒಬ್ಬರು ಬಾಗಿಲಿಗೆ ಬಂದರು. ಸ್ವಲ್ಪ ಕೂತ್ಕೊಳ್ಳಿ ಅಣ್ಣ ಎಂದು ಸೌಮ್ಯ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. ಅವರು ಬಂದು ಸೋಫಾದ ತುದಿಯಲ್ಲಿ ಕೂತು, ಏನೆಂದು ಗೊತ್ತಾಗದಿದ್ದರೂ ತಾವೂ ಹೆಸರುಗಳನ್ನು ನೋಡತೊಡಗಿದರು.