ಚೆಂಡೆ ನಿಂತ ಸಂಜೆ

ತಲ್ಲೂರಿನ ಪ್ರೇಮಾನಂದನ ಅಪ್ಪ ಚೆಂಡೆಯವನು, ಅಜ್ಜನೂ ಚೆಂಡೆಯವನು. ಪ್ರೇಮಾನಂದ ಇಪ್ಪತ್ತು ವರ್ಷ ಯಕ್ಷಗಾನದ ಮೇಳ ತಿರುಗಿದ. ರಾಕ್ಷಸ ವೇಷ ರಂಗಕ್ಕೆ ನುಗ್ಗುವಾಗ ಅವನ ಕೋಲು ಬಿತ್ತೆಂದರೆ ಮುಂದೆ ಕೂತ ಮಕ್ಕಳು ಅಮ್ಮಂದಿರ ಸೆರಗಿನೊಳಗೆ ಸೇರಿಕೊಳ್ಳುತ್ತಿದ್ದವು. ರಂಗದ ಮೇಲೆ ಇಬ್ಬರು ಹೊಡೆದಾಡುತ್ತಿರುವಷ್ಟು ಹೊತ್ತು ಚೆಂಡೆಯವನ ಕೈ ನಿಲ್ಲಬಾರದು ಎಂದು ಅಪ್ಪ ಕಲಿಸಿದ್ದ. ವೇಷ ಬಿದ್ದರೂ, ಕಿರೀಟ ಹಾರಿದರೂ ನಿಲ್ಲಬಾರದು.

ಅವನ ಮನೆಯ ಪಾಗಾರದ ಗೋಡೆಗೆ ತಾಗಿಯೇ ಗುಲಾಬಿಯ ತಾಯಿಕಡೆಯ ಮೂಲದ ಮನೆ. ಗಂಡ ತೀರಿಕೊಂಡ ಹೆಂಗಸು, ಸುಶಾಂತ್ ಒಬ್ಬನೇ ಮಗ. ಅವರ ಪೈಕಿಯಲ್ಲಿ ಮನೆತನ ನಡೆಯುವುದು ಹೆಣ್ಣಿನ ಕಡೆಯಿಂದ, ಮಕ್ಕಳ ಮೇಲೆ ಮಾತು ನಡೆಯುವುದು ಸೋದರಮಾವನದು. ಗುಲಾಬಿಯ ಒಡಹುಟ್ಟಿದ ಅಣ್ಣ ಊರಿಗೆಲ್ಲ ಅಣ್ಣಯ್ಯ, ಅವನಿಗೆ ಮುಂಬೈಯಲ್ಲಿ ಹೋಟೆಲು. ಊರಿಗೆ ಬಂದರೆ ಬಿಳಿ ಪಂಚೆ, ಚಿನ್ನದ ಕಟ್ಟಿನ ಕನ್ನಡಕ, ಯಾರ ಮನೆಯ ಮದುವೆಯಾದರೂ ಮುಂದಿನ ಕುರ್ಚಿ. ಊರವರ ಎದುರು ಸ್ವರ ಎತ್ತಿ ಮಾತಾಡಿದ ಮನುಷ್ಯನಲ್ಲ. ಬಾಗಿಲು ಹಾಕಿಕೊಂಡ ಮೇಲೆ ಮಾತ್ರ ಸೋದರಳಿಯ ಸುಶಾಂತ್‌ನ ಬೆನ್ನಿನ ಮೇಲೆ ಬೆಲ್ಟು ಆಡುತ್ತಿತ್ತು. ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಪೆಟ್ಟು, ಮುಂದೆ ಬಂದರೆ ಎದುರು ನಿಂತ ರೀತಿ ಸರಿಯಿಲ್ಲವೆಂದು ಪೆಟ್ಟು. ಒಮ್ಮೆ ಹುಡುಗನ ಕೈ ಮುರಿಯಿತು. ಗೇರು ಮರದಿಂದ ಬಿದ್ದ ಎಂದು ಗುಲಾಬಿಯೇ ಹೇಳಿಕೊಂಡು ತಿರುಗಿದಳು.

ಪಾಗಾರದ ಈಚೆ ಪ್ರೇಮಾನಂದನಿಗೆ ಎಲ್ಲವೂ ಕೇಳುತ್ತಿತ್ತು. ಇನ್ನೊಬ್ಬರ ಮನೆಯ ವಿಷಯ, ಅದೂ ದೊಡ್ಡವರ ಮನೆ. ಹೋಗಿ ಕೈ ಹಿಡಿಯುವ ಧೈರ್ಯ ಅವನಿಗಿರಲಿಲ್ಲ. ದಾರಿಯಲ್ಲಿ ಹೋಗುವವರಿಗೆ ಕೇಳಿ ಗುಲಾಬಿಯ ಮರ್ಯಾದೆ ಹೋಗುವುದು ಬೇಡವೆಂದು ಚೆಂಡೆ ತೆಗೆದುಕೊಂಡು ಜಗಲಿಯಲ್ಲಿ ನಿಂತು ಬಾರಿಸುತ್ತಿದ್ದ. ಆಚೆ ಕೂಗು ನಿಂತ ಮೇಲೆಯೇ ಕೋಲು ಕೆಳಗಿಡುವುದು.

ಸುಶಾಂತ್‌ಗೆ ಮೀಸೆ ಚಿಗುರುವ ಹೊತ್ತಿಗೆ ಒಂದು ದಿನ ತುಟಿ ಒಡೆದುಕೊಂಡು ಪಾಗಾರ ಹಾರಿ ಬಂದ. ಪ್ರೇಮಾನಂದನ ಹೆಂಡತಿ ಪುಷ್ಪ ಉಪ್ಪುನೀರು ಕೊಟ್ಟಳು. ಹುಡುಗ ಬಾಯಿ ಮುಕ್ಕಳಿಸಿ, ಚೆಂಡೆಯನ್ನೇ ನೋಡುತ್ತ ಹೇಳಿದ:

“ನೀವ್ ಬಡುಕೆ ಸುರು ಮಾಡ್ರೆ ಪೆಟ್ಟ್ ಎಷ್ಟ್ ಬಿತ್ತ್ ಅಂದೇಳಿ ಲೆಕ್ಕ ಸಿಕ್ಕುದಿಲ್ಲೆ ಪ್ರೇಮಣ್ಣ. ಇವತ್ತ್ ಇನ್ನೊಂಚೂರ್ ಜೋರ್ ಬಡೀಕಿತ್ತ್.”

ಪ್ರೇಮಾನಂದ ಆ ದಿನ ಉಣ್ಣಲಿಲ್ಲ. ಮಾರನೆಯ ದಿನದಿಂದ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾಳ ಹೇಳಿಕೊಟ್ಟ. ಆದರೆ ಹುಡುಗನ ಗಂಟಲು ತಾಳಕ್ಕಿಂತ ದೊಡ್ಡದಾಗಿತ್ತು.

ಆ ಗಂಟಲಿನಿಂದಲೇ ‘ಕೆಂಪು ಮುಂಡಾಸು’ ಎಂಬ ಬ್ಯಾಂಡು ಹುಟ್ಟಿದ್ದು. ಸುಶಾಂತ್ ಹಾಡುವವನು, ಅವನ ಕಾಲೇಜಿನ ಗೆಳೆಯ, ಹಂಗಾರಕಟ್ಟೆಯ ಕೀರ್ತನ್ ಬೇಸ್ ಗಿಟಾರಿಗೆ, ಇನ್ನಿಬ್ಬರು ಗಿಟಾರಿಗೆ. ಡ್ರಮ್ಮಿಗೆ ಪ್ರೇಮಾನಂದ, ಎಡಬದಿಯಲ್ಲಿ ಚೆಂಡೆ ಕಟ್ಟಿಕೊಂಡು. ಕಬ್ಬಿಣ ಕಾಸಿ ಬಡಿದ ಹಾಗೆ ಹೆವಿ ಮೆಟಲ್ ನುಡಿಸುತ್ತಿದ್ದವರು ಇದ್ದಕ್ಕಿದ್ದಂತೆ ಫಂಕ್ ಧಾಟಿಗೆ ಹೊರಳಿದರೆ, ಕೀರ್ತನ್‌ನ ಬೆರಳಿನ ಕುಣಿತಕ್ಕೆ ಅಜ್ಜಿಯಂದಿರ ಸೊಂಟವೂ ಅಲುಗುತ್ತಿತ್ತು. ಎಲ್ಲರಿಗೂ ಮುಖಕ್ಕೆ ರಾಕ್ಷಸನ ಬಣ್ಣ, ತಲೆಗೆ ಮುಂಡಾಸು, ಕೆಳಗೆ ಹರಿದ ಜೀನ್ಸು. ಹಾಡಿನ ನಡುವೆ ಗದೆ ಹಿಡಿದು ಹೊಡೆದಾಟ, ಬಾಯಿಯಿಂದ ಕುಂಕುಮದ ನೀರು. ಮೇಳದ ಭಾಗವತರು ಸಂತೆಯಲ್ಲಿ ಸಿಕ್ಕಿ, “ಹ್ವಾಯ್ ಪ್ರೇಮಾನಂದ, ನೀನೂ ಆ ಮಕ್ಕಳ್ ಹಾಂಗೆ ಕೂದ್ಲ್ ಬಿಡ್ತ್ಯಾ? ಬಿಡುಕೆ ಎಂತ ಇತ್ ಮಾರಾಯ ತಲಿಯಗೆ?” ಎಂದು ಅವನ ಬೋಳುತಲೆ ಸವರಿ ಹೋದರು. ಮದುವೆ ಮನೆಗಳ ಮೆಹಂದಿಗೆ ಇವರನ್ನು ಕರೆಯುವುದು ಶುರುವಾಯಿತು.

ಬ್ರಹ್ಮಾವರದಲ್ಲಿ ಶ್ರಾವ್ಯ ಎಂಬ ಹುಡುಗಿಯ ಮೆಹಂದಿ. ಹುಡುಗಿ ಗುಲಾಬಿಗೆ ದೂರದ ಸಂಬಂಧಿ. ಹಾಗಾಗಿ ಗುಲಾಬಿಯೂ ಬಂದು ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಅಣ್ಣಯ್ಯ ಮುಂಬೈಯಲ್ಲಿದ್ದಾನೆಂದು ಎಲ್ಲರ ಲೆಕ್ಕ. ಆ ಧೈರ್ಯದಲ್ಲಿ ಸುಶಾಂತ್ ಹೊಸ ಹಾಡು ತೆಗೆದ. ಪಂಚೆ ಉಟ್ಟು, ಚಿನ್ನದ ಬಣ್ಣದ ಕನ್ನಡಕ ಹಾಕಿ, ಬೆಲ್ಟು ಸುತ್ತಿದ ಕೈಯನ್ನು ಬೆನ್ನಿನ ಹಿಂದೆ ಅಡಗಿಸಿ, ಊರವರಿಗೆಲ್ಲ ನಗುನಗುತ್ತ ಕೈಮುಗಿಯುವ ರಾಕ್ಷಸನ ಹಾಡು. ಜನ ಬಿದ್ದು ಬಿದ್ದು ನಕ್ಕರು.

ಹಾಡು ಶುರುವಾದ ಮೇಲೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಅಣ್ಣಯ್ಯ ಎದ್ದ. ಅದೇ ದಿನ ಮಧ್ಯಾಹ್ನ ವಿಮಾನದಲ್ಲಿ ಬಂದಿಳಿದಿದ್ದನಂತೆ.

ಮೆಟ್ಟಿಲು ಹತ್ತಿ ಬಂದವನು ಅಳಿಯನ ಕೈಯಿಂದ ಬೆಲ್ಟು ಕಿತ್ತುಕೊಂಡ. “ನಾನ್ ನಡುದ್ ಹೀಂಗಾ? ತೋರ್ಸ್. ಇನ್ನೊಂದ್ಸಲ ತೋರ್ಸ್” ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿತು. ಇದೂ ಆಟದ್ದೇ ಒಂದು ಪಾಲು, ಎಷ್ಟು ಚೆನ್ನಾಗಿ ಕಲಿಸಿದ್ದಾರೆ ಎಂದು ಜನ ಸಿಳ್ಳೆ ಹೊಡೆದರು. ಬೆಲ್ಟಿನ ಹಿತ್ತಾಳೆ ಕೊಂಡಿ ಹುಡುಗನ ಕೆನ್ನೆ ಸೀಳಿತು. ಮತ್ತೊಂದು ಪೆಟ್ಟು ಕುತ್ತಿಗೆಗೆ. ಸುಶಾಂತ್ ತಲೆ ಬಗ್ಗಿಸಿ ನಿಂತ. ಇಪ್ಪತ್ತನಾಲ್ಕು ವರ್ಷದ ಗಂಡಸು ನಾಲ್ಕನೇ ಕ್ಲಾಸಿನ ಹುಡುಗನ ಹಾಗೆ ನಿಂತ.

ಪ್ರೇಮಾನಂದನ ಕೈ ತನ್ನಷ್ಟಕ್ಕೆ ಬಾರಿಸುತ್ತಿತ್ತು. ಪೆಟ್ಟು ಜೋರಾದ ಹಾಗೆ ಚೆಂಡೆಯೂ ಜೋರಾಯಿತು, ಹುಡುಗನಿಗೆ ಲೆಕ್ಕ ಸಿಗದಿರಲಿ ಎಂದು. ಚೆಂಡೆ ಏರಿದ ಹಾಗೆ ಜನರ ಕೇಕೆ ಏರಿತು. ಕೇಕೆ ಕೇಳಿ ಅಣ್ಣಯ್ಯನಿಗೆ ಇನ್ನೂ ಹುಚ್ಚು ಹಿಡಿಯಿತು. ಬೆಲ್ಟು ಬಿಸಾಡಿ ಮೈಕಿನ ಕಬ್ಬಿಣದ ಕಂಬ ಎತ್ತಿ ಹುಡುಗನ ಎಡಗಿವಿಗೆ ಬೀಸಿದ. ಸುಶಾಂತ್ ಮೊಣಕಾಲೂರಿ ಬಿದ್ದ. ಮಕ್ಕಳು ಕುರ್ಚಿಯ ಮೇಲೆ ನಿಂತು, “ಇನ್ನೊಂದ್, ಇನ್ನೊಂದ್” ಎಂದು ಕೂಗುತ್ತಿದ್ದವು.

ಆಗ ಪ್ರೇಮಾನಂದನಿಗೆ ಹೊಳೆಯಿತು, ಕೊಲ್ಲಿಸುತ್ತಿರುವುದು ತನ್ನ ಚೆಂಡೆ ಎಂದು. ಕೋಲು ಎರಡನ್ನೂ ಕೆಳಗೆ ಬಿಟ್ಟ.

ಸಿಳ್ಳೆ ಅರ್ಧದಲ್ಲೇ ಸತ್ತಿತು. ಆ ಮೌನದಲ್ಲಿ ಕಂಬ ಹುಡುಗನ ಬೆನ್ನಿಗೆ ಬಿದ್ದ ಸದ್ದು ಹಿಂದಿನ ಸಾಲಿನವರೆಗೂ ಕೇಳಿತು. ಅವನು ನರಳಿದ್ದೂ ಕೇಳಿತು. ಯಾರೂ ಮಿಸುಕಲಿಲ್ಲ. ಪ್ರೇಮಾನಂದ ಡ್ರಮ್ಮು ಹಾರಿ ಬಂದು ನಡುವೆ ಕೈ ಒಡ್ಡಿದ. ಕಂಬ ಅವನ ಬಲ ಮಣಿಕಟ್ಟಿನ ಮೇಲೆ ಬಿತ್ತು, ಎಲುಬು ಮುರಿಯಿತು.

ಅದನ್ನು ಕಂಡು ಸುಶಾಂತ್ ಎದ್ದ. ಗದೆ ಎತ್ತಿಕೊಂಡ. ಆಟದ ಗದೆಯಾದರೂ ಹಲಸಿನ ಮರದ್ದು. ಮೊದಲ ಪೆಟ್ಟಿಗೆ ಅಣ್ಣಯ್ಯನ ಮೊಣಕಾಲು ಹೋಯಿತು, ಮನುಷ್ಯ ನೆಲಕ್ಕೆ ಬಿದ್ದ. ಎರಡನೆಯದು ತಲೆಗೆ ಎತ್ತಿದ್ದ. ಪ್ರೇಮಾನಂದ ಒಂದೇ ಕೈಯಲ್ಲಿ ಅವನ ಸೊಂಟ ತಬ್ಬಿ ನೇತುಬಿದ್ದ.

“ಬಿಡಿ ಪ್ರೇಮಣ್ಣ.”

“ಬಿಡುದಿಲ್ಲೆ. ಇನ್ನೊಂದ್ ಹಾಕ್ರೆ ನಿಂಗೂ ನಿಲ್ಸುಕೆ ಬತ್ತಿಲ್ಲೆ.”

ಅಷ್ಟರಲ್ಲಿ ಗುಲಾಬಿ ರಂಗ ಹತ್ತಿ ಬಂದಳು. ಮಗನ ಕೈಯಿಂದ ಗದೆ ತೆಗೆದುಕೊಂಡಳು. ಬಿದ್ದವನು ತಂಗಿ ಎತ್ತುತ್ತಾಳೆಂದು ಕೈ ನೀಡಿದ. ಅವಳು ಎತ್ತಲಿಲ್ಲ.

“ಮೂಲದ್ ಮನಿ ಹೆಣ್ಮಕ್ಕಳದ್ ಅಣ್ಣ, ನಂದ್. ಇನ್ ನೀನ್ ಅದ್ರ್ ಹೊಸ್ಲ್ ದಾಂಟುಕಾಗ.”

ಹಿರಿಯರು ಬಂದು ಸುತ್ತುಗಟ್ಟಿದರು, ಮನೆಯೊಳಗೆ ಕೂತು ಮುಗಿಸುವ ಎಂದರು. ಇಷ್ಟು ವರ್ಷ ಮನೆಯೊಳಗೇ ಮುಗಿಸಿದ್ದು ಸಾಕು ಎಂದು ಗುಲಾಬಿ ಪೊಲೀಸರಿಗೆ ತಾನೇ ಫೋನ್ ಮಾಡಿದಳು. ಗೇರು ಮರದ ಸುಳ್ಳನ್ನೂ ಸೇರಿಸಿ ಹೇಳಿದಳು. ಪ್ರೇಮಾನಂದ ಪಾಗಾರದ ಆಚೆಯಿಂದ ಕೇಳಿದ್ದನ್ನೆಲ್ಲ ಹೇಳಿದ. ಮಗನ ಮೇಲೂ ಕೇಸಾಯಿತು, ಅಣ್ಣಯ್ಯನ ಮೇಲೂ ಆಯಿತು. ಈಗಲೂ ಕೇಸಿನ ತಾರೀಕು ಬಿದ್ದಾಗ ತಾಯಿ, ಮಗ, ಪ್ರೇಮಾನಂದ ಮೂವರೂ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ. ಅಣ್ಣಯ್ಯ ಕೋರ್ಟಿಗೆ ಬಂದರೂ ಲಾಡ್ಜಿನಲ್ಲಿ ಉಳಿದು ಹೋಗುತ್ತಾನೆ.

ಪ್ರೇಮಾನಂದನ ಕೈ ಕೂಡಿತು. ಮೊದಲಿನ ಬೀಸು ಬರಲಿಲ್ಲ, ಮೇಳಕ್ಕೆ ಇನ್ನು ಆಗದು, ಬ್ಯಾಂಡಿಗೆ ಸಾಕು. ಸುಶಾಂತ್‌ನ ಎಡಗಿವಿಗೆ ಏನೂ ಕೇಳಿಸುವುದಿಲ್ಲ. ಹಾಗಾಗಿ ಈಗ ಎಲ್ಲಿ ರಂಗ ಕಟ್ಟಿದರೂ ಪ್ರೇಮಾನಂದ ತಾನೇ ಮುಂಚಿತವಾಗಿ ಹೋಗಿ, ಡ್ರಮ್ಮು ಚೆಂಡೆ ಎರಡನ್ನೂ ಹುಡುಗನ ಬಲಬದಿಗೆ ಇಡಿಸುತ್ತಾನೆ.