ಅವ್ವ ತೊಳೆದ ಮೀನಿನ ತೊಟ್ಟಿ

ಇವತ್ತು ನಲ್ಲಿ ನೀರಿನಲ್ಲಿ ಬ್ಲೀಚಿಂಗ್ ಪೌಡರ್ ವಾಸನೆ ಜೋರಾಗಿತ್ತು. ಚನ್ನಪಟ್ಟಣದ ನಮ್ಮ ಮನೆಯಲ್ಲಿ ಹಬ್ಬಕ್ಕೆಂದು ಅವ್ವ ಮೀನಿನ ಗಾಜಿನ ತೊಟ್ಟಿಯನ್ನು ಫಳಫಳ ತೊಳೆದು, ಆಗತಾನೆ ಬಂದ ನಲ್ಲಿ ನೀರು ತುಂಬಿದ ದಿನ ನೆನಪಾಯಿತು. ಸ್ವಲ್ಪ ಹೊತ್ತಿಗೇ ಎರಡೂ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು.

"ಹಳೇ ನೀರು ಅರ್ಧನಾದ್ರೂ ಉಳಿಸ್ಬೇಕಿತ್ತು ಕಣಮ್ಮಿ. ನಲ್ಲಿ ನೀರ ಒಂದಿನ ಮಡಗಿ ಆಮೇಲೆ ಉಯ್ಬೇಕು," ಎಂದ ಅಪ್ಪ.

ಅವ್ವ ಹಿಂದಿನ ದಿನ ಹಿಡಿದಿಟ್ಟಿದ್ದ ಕುಡಿಯುವ ನೀರನ್ನೆಲ್ಲ ಬಕೆಟ್ಟಿಗೆ ಬಗ್ಗಿಸಿ ಮೀನುಗಳನ್ನು ಅದಕ್ಕೆ ಬಿಟ್ಟಳು. ಚಿಕ್ಕದು ಮಗುಚಿಕೊಂಡಿತು. ಒಲೆ ಹಚ್ಚದೆ ಅವ್ವ ಅಲ್ಲೇ ಕೂತಳು. ನಾನು ಅವಳ ಸೆರಗು ಹಿಡಿದು ನಿಂತಿದ್ದೆ. ಸಂಜೆಗೆ ದೊಡ್ಡದು ಬಾಲ ಆಡಿಸಿತು. ಚಿಕ್ಕದು ಏಳಲಿಲ್ಲ.

"ಚೊಕ್ಕ ಮಾಡಕ್ಕೋಗಿ ಉಸುರು ಕಿತ್ಕಂಡ್ಬುಟ್ನಲ್ಲ," ಎಂದಳು ಅವ್ವ.

ಈಗ ನನ್ನ ಮಗಳೂ ಮೀನು ಸಾಕಿದ್ದಾಳೆ. ಅವ್ವ ನಮ್ಮ ಮನೆಗೆ ಬಂದರೂ ತೊಟ್ಟಿಯ ಹತ್ತಿರ ಹೋಗುವುದಿಲ್ಲ, ಬಾಗಿಲಲ್ಲೇ ನಿಂತು, "ಮೀನು ಆಡ್ತಾವಾ?" ಎಂದು ಕೇಳುತ್ತಾಳೆ.