ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ನನ್ನ ಮೊಮ್ಮಗಳು ಸೌಮ್ಯ ಇವತ್ತು ನಮ್ಮ ಚಾಕಿ ಕೇಂದ್ರದ ಇನ್‌ಚಾರ್ಜ್ ಆದಳು! ಮೊಟ್ಟೆ ಕೋಣೆಯ ಬೀಗದ ಕೈಯನ್ನು ಯಜಮಾನರೇ ಕರೆದು ಅವಳ ಕೈಗೆ ಕೊಟ್ಟರು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಬೀದಿಯಲ್ಲಿ ಕೇಳಿದವರಿಗೂ ಹೇಳಿದೆ, ಕೇಳದವರಿಗೂ ನಿಲ್ಲಿಸಿ ಹೇಳಿದೆ. ಆದರೆ ಇದೇ ಹುಡುಗಿಯ ಕೆಲಸ ಹೋಯಿತು, ನನ್ನದೂ ಹೋಯಿತು ಎಂದು ನಾನು ಗಡಗಡ ನಡುಗಿದ ಒಂದು ದಿನವಿದೆ. ಅದನ್ನೇ ಬರೆಯುತ್ತಿದ್ದೇನೆ.

ಹೋದ ವರ್ಷ, ಚಳಿಗಾಲ. ನಾನು ಯಳಂದೂರು ತಾಲ್ಲೂಕಿನ ಅಗರದ ಹತ್ತಿರ ಒಂದು ಚಾಕಿ ಕೇಂದ್ರದಲ್ಲಿ ಮೊಟ್ಟೆ ಕೋಣೆಯ ಕೆಲಸದವಳು. ರೇಷ್ಮೆ ಮೊಟ್ಟೆಗೆ ಶಾಖ ಕೊಟ್ಟು, ಮರಿ ಮಾಡಿ, ಎಳೆಹುಳುವನ್ನು ಎರಡು ಜ್ವರ ದಾಟುವವರೆಗೆ ಸಾಕಿ ರೈತರಿಗೆ ಕೊಡುವ ಜಾಗ ಅದು. ಜ್ವರ ಎಂದರೆ ಕಾಯಿಲೆ ಅಲ್ಲ, ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಹನೂರು, ರಾಮಾಪುರದ ಕಡೆಯಿಂದಲೂ ರೈತರು ಬಂದು ಹುಳು ಒಯ್ಯುತ್ತಾರೆ.

ಮೊಟ್ಟೆಯೊಳಗೆ ಸೂಜಿಮೊನೆಯಷ್ಟು ಕಪ್ಪು ಚುಕ್ಕಿ ಕಂಡಿತೆಂದರೆ ಮರಿಯ ತಲೆ ಮೂಡಿತು ಎಂದು ಅರ್ಥ. ಆಗ ಮೊಟ್ಟೆಯನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ ಕತ್ತಲೆ ಕೋಣೆಯಲ್ಲಿ ಇಡುತ್ತೇವೆ. ಇದಕ್ಕೆ ಬ್ಲಾಕ್ ಬಾಕ್ಸಿಂಗ್ ಎನ್ನುತ್ತಾರೆ. ಮೊದಲು ಬಲಿತ ಮರಿ ಹಿಂದುಳಿದದ್ದಕ್ಕೆ ಕಾಯುತ್ತದೆ. ಬಟ್ಟೆ ಬಿಚ್ಚಿ ಬೆಳಕು ಬಿಟ್ಟ ಬೆಳಗ್ಗೆ ಎಲ್ಲವೂ ಒಟ್ಟಿಗೆ ಏಳುತ್ತವೆ. ನಡುವೆ ಬೆಳಕು ಬಿತ್ತೋ, ಕೆಲವು ಇವತ್ತು ಏಳುತ್ತವೆ, ಕೆಲವು ನಾಳೆ. ಹುಳು ಏರುಪೇರಾದರೆ ರೈತನ ಬೆಳೆಯೇ ಏರುಪೇರು. ಆದ್ದರಿಂದ ಆ ಕೋಣೆಗೆ ಟಾರ್ಚೂ ಇಲ್ಲ, ಬೆಂಕಿಕಡ್ಡಿಯೂ ಇಲ್ಲ. ಒಳಗಿನ ಶಾಖ ಇಪ್ಪತ್ತೈದು ಡಿಗ್ರಿ ಇದೆಯೇ, ತೇವ ಸಾಕೇ ಎನ್ನುವುದನ್ನು ಹೊರಕೋಣೆಯ ಕಂಪ್ಯೂಟರ್ ಪರದೆಯೇ ಹೇಳಬೇಕು. ಹೀಟರ್ ಹಾಕಿ ಆರಿಸುವುದೂ ಆ ಕಂಪ್ಯೂಟರೇ. ನನಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. ಗಳಿಗೆಗೊಮ್ಮೆ ಅಂಕಿ ನೋಡುವುದೇ ನನ್ನ ಕೆಲಸ.

ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ಸೌಮ್ಯ. ನಾನೇ ಯಜಮಾನರ ಕಾಲು ಹಿಡಿದಂತೆ ಬೇಡಿ ಸೇರಿಸಿದ್ದೆ. ಆ ದಿನ ಅವಳಿಗೆ ಕೊಳ್ಳೇಗಾಲದಲ್ಲಿ ಪರೀಕ್ಷೆ. ಬೆಳಗ್ಗೆಯೇ ಬಂದು, ಪರದೆಯ ಮುಂದೆ ಏನೋ ಮಾಡಿ, ಬಸ್ಸಿಗೆ ಓಡಿದ್ದಳು.

ಆ ಬೆಳಗ್ಗೆಯೆಲ್ಲ ರೈತರಿಗೆ ಹುಳು ಕೊಡುವ ಗಡಿಬಿಡಿ, ಪರದೆಯ ಕಡೆ ಯಾರೂ ಬಂದಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡುತ್ತೇನೆ, ಪರದೆಯಲ್ಲಿ ಅಂಕಿಯೇ ಇಲ್ಲ! ಇಡೀ ಪರದೆ ಕಪ್ಪು. ಅದರ ಮೇಲೆ ಹಸಿರು ಅಕ್ಷರಗಳು, ಯಾರೋ ಒಳಗೆ ಕೂತು ಬರೆಯುತ್ತಿರುವ ಹಾಗೆ ಒಂದೊಂದೇ ಮೂಡುತ್ತಿವೆ. ಸಾಲು ತುಂಬಿದರೆ ಮೇಲಕ್ಕೆ ಹತ್ತಿ ಮಾಯ. ಕೊನೆಯಲ್ಲಿ ಒಂದು ಹಸಿರು ಚೌಕ ಕಣ್ಣು ಮಿಟುಕಿಸಿದಂತೆ ಮಿಟುಕುತ್ತಿತ್ತು.

ಜೊತೆಯ ಕೆಲಸದವಳು ಮಾದಮ್ಮ ಇಣುಕಿ ನೋಡಿ ಎದೆ ಹಿಡಿದುಕೊಂಡಳು.

"ಅಕ್ಕಾ, ಯಾರೂ ಮುಟ್ನೇ ಇಲ್ಲ, ಅದ್ರ ಪಾಡ್ಗೆ ಅದೇ ಬರ್ಕತಾ ಅದಲ್ಲ!"

"ಬಾಯ್ ಮುಚ್ಚಮ್ಮಿ. ಯಜಮಾನ್ರ ಕರಿ ಓಗು."

ಸೌಮ್ಯಳಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಪರೀಕ್ಷೆ ಕೋಣೆಯಲ್ಲಿ ಇನ್ನೇನಿರುತ್ತದೆ?

ಯಜಮಾನರು ಮಲ್ಲಪ್ಪನವರು ಬಂದರು. ಸಿಟ್ಟು ಮೂಗಿನ ತುದಿಯಲ್ಲಿರುವ ಮನುಷ್ಯ. "ಕಂಪ್ಯೂಟ್ರು ಮುಟ್ದೋರ್ ಕೈ ಮುರಿತೀನಿ" ಎಂದು, ಅದನ್ನು ಕೊಂಡು ತಂದ ದಿನವೇ ಹೇಳಿದ್ದವರು. ಆ ಮಾತಿಗೆ ಹೆದರಿ ನಾವು ಅದರ ಮೇಜಿನ ಧೂಳನ್ನೂ ಒರೆಸುತ್ತಿರಲಿಲ್ಲ. ಈಗ ಅವರೂ ಅದರ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತರು. ಕಂಪ್ಯೂಟರ್ ಬಲ್ಲೆ ಎನ್ನುವ ತಮ್ಮ ನೆಂಟನಿಗೆ ಫೋನ್ ಮಾಡಿದರು. ಆ ಮಹಾರಾಯ ನೋಡದೆಯೇ, ಯಾರೋ ದೂರದಿಂದ ಮಿಷನ್ನನ್ನು ಹಿಡಿತಕ್ಕೆ ತೆಗೆದುಕೊಂಡಿದ್ದಾರೆ, ಶಾಖ ಏರಿಸಿ ಎಲ್ಲ ಸುಟ್ಟುಬಿಡುತ್ತಾರೆ ಎಂದ.

"ನಿನ್ ಮೊಮ್ಮಗ್ಳು ಬೆಳಗ್ಗೆ ಏನ್ ಮಾಡ್ಬುಟ್ಟು ಓದ್ಳು?" ಎಂದರು ಯಜಮಾನರು. "ಮೊಟ್ಟೆ ಕೆಟ್ರೆ ನೀವಿಬ್ರೂ ಈ ಗೇಟ್ ತುಳಿಯಂಗಿಲ್ಲ."

"ಒಳಕ್ಕೋಗಿ ನೋಡ್ಕಂಡ್ ಬತ್ತೀನಿ ಬುದ್ಧಿ" ಎಂದೆ.

ನೋಡುವುದೆಲ್ಲಿ ಬಂತು! ಎರಡು ಬಾಗಿಲಿನ ನಡುವೆ ಇಳಿಬಿಟ್ಟ ಕಪ್ಪು ಬಟ್ಟೆ ಸರಿಸಿ ಒಳಗೆ ಹೋದರೆ ನನ್ನ ಕೈ ನನಗೇ ಕಾಣದು. ತೇವ ಉಗುಳುವ ಮಿಷನ್ನಿನ ಗುಯ್ ಎನ್ನುವ ಸದ್ದು ಇತ್ತು. ರವಿಕೆಯ ತೋಳು ಮೇಲೆತ್ತಿ ಗಾಳಿಗೆ ಹಿಡಿದೆ. ಬೇರೆ ದಿನವಾದರೆ ಚರ್ಮವೇ ಹೇಳುತ್ತಿತ್ತು. ಆ ದಿನ ಭಯಕ್ಕೆ ಮೈಯೆಲ್ಲ ಬೆವರು, ಬೆವರಿನ ಕೆಳಗೆ ಚಳಿ. ಹೆದರಿದ ಮೈಗೆ ಬಿಸಿ ಯಾವುದು, ತಂಪು ಯಾವುದು ತಿಳಿಯಲಿಲ್ಲ. ಸಾವಿರಾರು ಜೀವ ಆ ಕತ್ತಲಲ್ಲಿ ನನ್ನ ಸುತ್ತ ಇವೆ, ಬದುಕಿವೆಯೋ ಬೇಯುತ್ತಿವೆಯೋ ಗೊತ್ತಿಲ್ಲ.

ನಾನು ಒಳಗಿರುವಾಗಲೇ ಗುಯ್ ಸದ್ದು ಟಕ್ಕನೆ ನಿಂತಿತು. ಹೊರಗೆ ಓಡಿ ಬಂದೆ. ಯಜಮಾನರ ಕೈಯಲ್ಲಿ ವೈರು ನೇತಾಡುತ್ತಿತ್ತು. ಕಂಪ್ಯೂಟರ್, ಹೀಟರ್, ತೇವದ ಮಿಷನ್ನು ಎಲ್ಲವೂ ಒಂದೇ ಬೋರ್ಡಿನವು. ಅದರ ಪ್ಲಗ್ಗನ್ನೇ ಕಿತ್ತಿದ್ದರು.

"ಇವಾಗ ಏನ್ ಸುಡ್ತಾನೋ ಸುಡ್ಲಿ!"

"ಬುದ್ಧಿ, ಸುಡೋದಿರ್ಲಿ, ತಣ್ಣಗಾಯ್ತದೆ! ಹಾಕಿ ಬುದ್ಧಿ, ದಮ್ಮಯ್ಯ."

"ಅವ್ಳು ಬರೋಗಂಟ ಹಾಕಂಗಿಲ್ಲ."

ಹೊರಗೆ ಚಳಿಗಾಳಿ ಏಳುತ್ತಿತ್ತು. ಹಿಂದಿನ ಕಾಲದಲ್ಲಿ ಹುಳುಮನೆಗೆ ಕೆಂಡದ ಮಡಕೆ ಇಡುತ್ತಿದ್ದೆವು. ಇಲ್ಲಿ ಕೆಂಡ ಇಟ್ಟರೆ ಅದರ ಬೆಳಕೇ ಕೆಡಿಸುತ್ತದೆ. ಕೊನೆಗೆ ಬಿಸಿನೀರು ಹೊಳೆಯಿತು. ಮಾದಮ್ಮ ಹಿತ್ತಲ ಒಲೆಯಲ್ಲಿ ನೀರು ಕಾಯಿಸುವುದು, ನಾನು ಮುಚ್ಚಳ ಹಾಕಿದ ಕೊಳಗವನ್ನು ಕತ್ತಲಲ್ಲಿ ತಡಕಾಡಿ ಗೋಡೆಯ ಬುಡಕ್ಕೆ ಇಡುವುದು. ತೇವಕ್ಕೆ ಗೋಣಿತಾಟು ನೆನೆಸಿ ನೇತು ಹಾಕಿದೆವು. ಒಮ್ಮೆ ಕಾಲು ಎಡವಿ ಕೊಳಗ ವಾಲಿ ಪಾದ ಸುಟ್ಟಿತು. ಕೂಗಲಿಲ್ಲ. ಉರಿ ಇದ್ದದ್ದು ಎದೆಯಲ್ಲಿ. ಹುಡುಗಿ ಪರೀಕ್ಷೆ ಬರೆದು ನಗುತ್ತಾ ಬರುತ್ತಾಳೆ, ಗೇಟಿನಲ್ಲೇ ಇವರು ಏನನ್ನುತ್ತಾರೋ ಎಂದು.

ಹೊತ್ತು ಇಳಿಯುವಾಗ ಬಸ್ಸಿಳಿದು ಬಂದಳು. ನಮ್ಮ ಮುಖ ನೋಡಿ ನಗು ನಿಂತಿತು. ನಾನು ಹೇಳಿದ್ದನ್ನು ಪೂರ್ತಿ ಕೇಳದೆ ಓಡಿ ಪ್ಲಗ್ ಸಿಕ್ಕಿಸಿದಳು. ಪರದೆ ಬೆಳಗಿ ಅಂಕಿ ಬಂದಿತು. ಇಪ್ಪತ್ತಮೂರು. ಶಾಖ ಸಾಲದು ಎಂದು ಅಂಕಿ ಕೆಂಪಗಿತ್ತು, ಆದರೂ ಇಪ್ಪತ್ತಮೂರು!

"ಬಿಸ್ನೀರ್ ಇಟ್ಟಿಲ್ದಿದ್ರೆ ಇನ್ನೂ ಇಳ್ದೋಗದು" ಎಂದಳು. ಆಮೇಲೆ ಗೋಡೆಗೆ ಒರಗಿ, "ಅಜ್ಜಿ, ಅದು ಸ್ಕ್ರೀನ್‌ಸೇವರ್ ಕಣಜ್ಜಿ" ಎಂದು ಅಳತೊಡಗಿದಳು.

ವಿಷಯ ಇಷ್ಟೇ. ಪರದೆಯ ಬಿಳಿ ಬೆಳಕು ಬಾಗಿಲ ಸಂದಿಯಿಂದ ಮೊಟ್ಟೆ ಕೋಣೆಗೆ ನುಸುಳುತ್ತಿರುವುದನ್ನು ಅವಳು ಬೆಳಗ್ಗೆ ಕಂಡಿದ್ದಳು. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ತಾನೇ ಬರುವ ಒಂದು ಕಪ್ಪು ಚಿತ್ರ ಹಾಕಿದ್ದಳು. ಹಳೇ ಕಾಲದ ಕಂಪ್ಯೂಟರ್‌ಗಳ ಪರದೆ ಹಾಗೇ ಇರುತ್ತಿತ್ತಂತೆ, ಕಪ್ಪಿನ ಮೇಲೆ ಹಸಿರು ಅಕ್ಷರ. ಇದು ಅದರ ವೇಷ. ಅಕ್ಷರಕ್ಕೆ ಅರ್ಥವೂ ಇಲ್ಲ, ಹಿಂದೆ ಯಾರೂ ಇಲ್ಲ. ಅವಳು ವಿವರಿಸುತ್ತಿರುವಾಗಲೇ ಅದು ಮತ್ತೆ ಬಂತು. ಯಜಮಾನರು ಒಂದು ಹೆಜ್ಜೆ ಹಿಂದೆ ಹಾರಿದರು. ಸೌಮ್ಯ ಮೌಸನ್ನು ಒಂದು ಬೆರಳಲ್ಲಿ ಅಲುಗಿಸಿದಳು. ಅಂಕಿ ಬಂತು.

"ಇಷ್ಟೇಯಾ?" ಎಂದರು ಯಜಮಾನರು.

ಮರುದಿನ ಬೆಳಗ್ಗೆ ಕಪ್ಪು ಬಟ್ಟೆ ಬಿಚ್ಚಿದೆವು. ಕಿಟಕಿ ತೆಗೆದೆವು. ಮೊದಲು ಏನೂ ಇಲ್ಲ. ಆಮೇಲೆ ಒಂದು ಕೂದಲೆಳೆ ಅಲುಗಿದಂತಾಯಿತು, ನೋಡುನೋಡುತ್ತಿದ್ದಂತೆ ಮೊಟ್ಟೆ ಅಂಟಿದ ಹಾಳೆಯ ಮೇಲೆಲ್ಲ ಕಪ್ಪು ಕಪ್ಪು ಮರಿ, ಒಂದೇ ಉಸಿರಿಗೆ ಎದ್ದವು! ಯಜಮಾನರು ತುಂಬಾ ಹೊತ್ತು ನೋಡಿ ಸೌಮ್ಯಳ ಕಡೆ ತಿರುಗಿದರು. "ಆ ಹಸ್ರು ಅಕ್ಷರ ಇರ್ಲಿ ಕಣವ್ವ. ಅದ್ರ ನಡುವೆ 'ಹೆದರಬೇಡಿ' ಅಂತ ಕನ್ನಡದಲ್ಲಿ ಹಾಕು."

ಹಾಕಿದಳು. ಈಗಲೂ ಇದೆ.

ಈ ಕೆಲಸ ನನಗೆ ಕಲಿಸಿದ್ದು ಇದು: ಮುಟ್ಟಬೇಡಿ ಎನ್ನುವುದು ಸುಲಭ, ಮುಟ್ಟಿದರೆ ಏನಾಗುತ್ತದೆ ಎಂದು ಹೇಳಿಕೊಡುವುದೇ ಹಿರಿತನ. ಕಾವಲಿಗೆ ಕೂತವರಿಗೆ ತಿಳಿಸದೆ ಬೆಳಕನ್ನೂ ಬದಲಿಸಬಾರದು, ಕತ್ತಲನ್ನೂ ಬದಲಿಸಬಾರದು.

ಇವತ್ತು ಸಂಜೆ ಮಗ, ಸೊಸೆ, ಸೌಮ್ಯ, ಅವಳ ತಮ್ಮ ಎಲ್ಲರೂ ಸಾಲಾಗಿ ಕೂತರು. ಮುದ್ದೆ, ಅವರೆಕಾಳು ಸಾರು, ಮೇಲೆ ಶಾವಿಗೆ ಪಾಯಸ. ನಾನು ಬಡಿಸುತ್ತಾ ಇನ್‌ಚಾರ್ಜಮ್ಮನನ್ನು ಕೇಳಿದೆ, "ನಾಳೆ ಮೊದಲ್ ಕೆಲ್ಸ ಏನ್ ಮಾಡೀಯೆ ಕೂಸೆ?"

"ನಿನ್ನೂ ಮಾದಮ್ಮನ್ನೂ ಕಂಪ್ಯೂಟರ್ ಮುಂದೆ ಕೂರಿಸ್ತೀನಿ."

"ನಂಗ್ಯಾಕ್ಲೇ ಈ ವಯಸ್ನಲ್ಲಿ? ಭಯ ಆಯ್ತದೆ."

"ಆಗ್ಲಿ. ಮುಟ್ಟು" ಎಂದು ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು, ತನ್ನ ತಟ್ಟೆಯ ಪಾಯಸವನ್ನು ಮೊದಲು ನನ್ನ ಬಾಯಿಗಿಟ್ಟಳು. ಎಲ್ಲರೂ ಉಂಡೆವು.